ತಾರ್ಲೆಯ ನೆಣ

ರಕ್ತಪರೀಕ್ಷೆಯ ಚೀಟಿಯಲ್ಲಿ ಟ್ರೈಗ್ಲಿಸರೈಡ್ ಎದುರು 418 ಎಂದಿತ್ತು. 150ರೊಳಗೆ ಇರಬೇಕಾದದ್ದು. ಆದರೆ ನನ್ನನ್ನು ಕಾಡಿದ್ದು ಅದರ ಕೆಳಗಿನ ಸಾಲು. ಎಲ್‌ಡಿಎಲ್ ಕೊಲೆಸ್ಟ್ರಾಲಿನ ಎದುರು ಅಂಕಿಯೇ ಇಲ್ಲ, ಒಂದು ಅಡ್ಡಗೀಟು. ಹಳೆಯ ಕಡತ ಓದುವುದು ನನ್ನ ಕಸುಬು; ಖಾಲಿ ಬಿಟ್ಟ ಕಲಮು ಕಂಡರೆ ಸುಮ್ಮನಿರಲಾಗುವುದಿಲ್ಲ.

ಹುಡುಕಿದಾಗ ತಿಳಿಯಿತು. ಬಹಳಷ್ಟು ಲ್ಯಾಬುಗಳು ಎಲ್‌ಡಿಎಲ್ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. 1972ರಲ್ಲಿ ಅಮೆರಿಕದ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಅದು: ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಪಾಲನ್ನೂ ಕಳೆಯಿರಿ. ಟ್ರೈಗ್ಲಿಸರೈಡ್ 400 ದಾಟಿದವರಿಗೆ ಈ ಲೆಕ್ಕ ನಂಬಬೇಡಿ ಎಂದು ಅವರೇ ಹೇಳಿದ್ದರು. ನನ್ನ ಜಿಡ್ಡು ಸೂತ್ರದ ಗಡಿಯನ್ನೇ ದಾಟಿಬಿಟ್ಟಿತ್ತು.

ಡಾಕ್ಟರು ಅನ್ನ ಕಡಿಮೆ ಮಾಡಿ, ಸಿಹಿ ಬಿಡಿ, ಸಂಜೆಯದ್ದು ಏನಾದರೂ ಇದ್ದರೆ ಅದನ್ನೂ ಬಿಡಿ ಎಂದರು. ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ಮಾರುವ ಅಕ್ಕನದು ಬೇರೆಯೇ ಚೀಟಿ. "ಅಷ್ಟಕ್ಕೆಲ್ಲ ಎಂತಕೆ ಹೆದರ್ತೆ ತಮ್ಮಾ? ತಾರ್ಲೆ ತಿನ್ನು. ಮೀನಿನ ನೆಣ ಮನುಷ್ಯನ ನೆಣ ಕರಗಿಸ್ತದೆ."

ನೆಣ ನೆಣವನ್ನು ಕರಗಿಸುತ್ತದೆಯೇ? ಮನೆಗೆ ಬಂದವನು ಪುಸ್ತಕ ತೆಗೆದೆ. ತಾರ್ಲೆ ಎಂದರೆ ದಕ್ಷಿಣದ ಬೂತಾಯಿ, ಬೈಗೆ; 1847ರಲ್ಲಿ ಫ್ರಾನ್ಸಿನ ವಾಲೆನ್ಸಿಯೆನ್ ಇಟ್ಟ ಶಾಸ್ತ್ರೀಯ ಹೆಸರು ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಹಳೆಯ ಮೀನುಗಾರಿಕೆ ವರದಿಗಳಲ್ಲಿ ಟ್ರೈಗ್ಲಿಸರೈಡ್ ಎಂಬ ಪದ ಹುಡುಕುತ್ತ ಎರಡು ದಿನ ಹಾಳುಮಾಡಿದೆ. ಸಿಗುವುದಾದರೂ ಹೇಗೆ? ಅವರು ಬರೆದಿದ್ದು ಎಣ್ಣೆ, ಕೊಬ್ಬು ಎಂದು. ವಸ್ತು ಒಂದೇ. ಕೊಬ್ಬನ್ನು ಬಿಡಿಸಿದರೆ ಗ್ಲಿಸರಿನ್ನೂ ಕೊಬ್ಬಿನಾಮ್ಲಗಳೂ ಸಿಗುತ್ತವೆ ಎಂದು ಶೆವ್ರಲ್ ಎಂಬ ಫ್ರೆಂಚ್ ರಸಾಯನಜ್ಞ 1823ರ ತನ್ನ ಪುಸ್ತಕದಲ್ಲೇ ತೋರಿಸಿದ್ದ. ಒಂದು ಗ್ಲಿಸರಿನ್, ಅದಕ್ಕೆ ಜೋತುಬಿದ್ದ ಮೂರು ಕೊಬ್ಬಿನಾಮ್ಲ: ದೋಣಿಯ ಹಲಗೆಗೆ ಬಳಿದ ಮೀನೆಣ್ಣೆಯೂ ನನ್ನ ಚೀಟಿಯ 418 ಕೂಡ ಇದೇ.

ಎಣ್ಣೆ ಎಂಬ ಪದ ಹಿಡಿದು ಹೋದಾಗ ದಾರಿ ಎರಡಾಯಿತು. ಕೆನರಾ ಜಿಲ್ಲೆ ಒಡೆದು 1862ರಲ್ಲಿ ನಮ್ಮ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. ಮೀನಿಗೆ ಈ ಗಡಿ ಗೊತ್ತಿರಲಿಲ್ಲ, ಗುಮಾಸ್ತರಿಗೆ ಗೊತ್ತಿತ್ತು. ಹೀಗಾಗಿ ತಾರ್ಲೆ ಎಣ್ಣೆಯ ಕಡತಗಳು ದಪ್ಪಗಿರುವುದು ಮದ್ರಾಸ್ ಕಡೆ. ಅಲ್ಲಿ 1905ರಲ್ಲಿ ಮೀನುಗಾರಿಕೆಯ ವಿಚಾರಣೆಗೆ ನಿಂತವರು ಸರ್ ಫ್ರೆಡರಿಕ್ ನಿಕಲ್ಸನ್. ಮೀನನ್ನು ಕೊಳೆಹಾಕಿ, ಮೇಲೆ ತೇಲಿದ ಎಣ್ಣೆ ತೆಗೆಯುವುದು ಹಳೆಯ ಪದ್ಧತಿ. ತಾಜಾ ಮೀನನ್ನೇ ಬೇಯಿಸಿ ಹಿಂಡಿ ಎಂದು ಅವರು ಕಲಿಸಿದರು. ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಸಣ್ಣ ಸಣ್ಣ ಎಣ್ಣೆ ಕಾರ್ಖಾನೆಗಳು ಎದ್ದವು, ಹಿಂಡಿ ತೋಟದ ಗೊಬ್ಬರವಾಯಿತು. 1940ರ ಹೊತ್ತಿಗೆ ತಾರ್ಲೆಯೇ ಕಾಣೆಯಾಗತೊಡಗಿ, 1943ರಲ್ಲಿ ಮದ್ರಾಸ್ ಸರ್ಕಾರ ಕೆಲವು ಬಲೆಗಳಿಗೆ ಕಡಿವಾಣ ಹಾಕಬೇಕಾಯಿತು.

ಕಾರವಾರದ ಕಡೆ ನನಗೆ ಸಿಕ್ಕಿದ್ದೆಲ್ಲ ಬಾಂಗಡೆ. ಎಲ್.ಬಿ. ಪ್ರಧಾನ್ 1956ರಲ್ಲಿ ಪ್ರಕಟಿಸಿದ ದೀರ್ಘ ಲೇಖನ ಕಾರವಾರದ ಬಾಂಗಡೆ ಮೀನುಗಾರಿಕೆಯದ್ದು, ರಂಪಣಿ ಬಲೆಯ ಕಾಲದ್ದು. ಓದುತ್ತ ಕುಳಿತರೆ ಹೊತ್ತು ಹೋಗುವುದೇ ತಿಳಿಯದು. ನಾನು ಬಂದ ಕೆಲಸ ಅದಲ್ಲ ಎಂದು ನೆನಪಾಗುವಾಗ ಮಧ್ಯಾಹ್ನ ಕಳೆದಿತ್ತು.

ತಾರ್ಲೆಯ ಜಾತಕ ಸಿಕ್ಕಿದ್ದು ಬಿ.ಟಿ. ಆಂಟನಿ ರಾಜಾ ಬರೆದ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ 1969ರ 16ನೇ ಬುಲೆಟಿನ್ನಿನ ಜಾಡಿನಲ್ಲಿ. ಮಳೆಗಾಲ ತಾರ್ಲೆ ಮೊಟ್ಟೆ ಇಡುವ ಕಾಲ. ಆಗ ಮೈಯಲ್ಲಿ ನೆಣ ಅತಿ ಕಡಿಮೆ, ತೂಕದ ಶೇ. 2-3ಕ್ಕೂ ಇಳಿಯಬಹುದು. ಮಳೆ ತಗ್ಗುವ ಹೊತ್ತಿಗೆ ಕಡಲಿನಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಉಕ್ಕುತ್ತದೆ, ಮೀನು ಅದನ್ನು ಬಾಯ್ತುಂಬ ಸೋಸಿ ತಿನ್ನುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಹೆಚ್ಚಿದರೆ ತಾರ್ಲೆಯೂ ಹೆಚ್ಚು ಎಂದು ನಾಯರ್ ಮತ್ತು ಸುಬ್ರಹ್ಮಣ್ಯನ್ 1955ರಲ್ಲೇ ಬರೆದಿದ್ದರು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ನೆಣ ಏರಿ ಶೇ. 15ನ್ನೂ ದಾಟುವುದುಂಟು. ಮುಂದಿನ ಮಳೆಗೆ ಮೊಟ್ಟೆಯ ಖರ್ಚಿನಲ್ಲಿ ಅದೆಲ್ಲ ಕರಗುತ್ತದೆ.

ಇದಕ್ಕೆ ಬುಲೆಟಿನ್ ಬೇಕಿರಲಿಲ್ಲ, ನಮ್ಮ ಕಾವಲಿಯೇ ಸಾಕಿತ್ತು. ನವೆಂಬರಿನ ತಾರ್ಲೆಗೆ ಮಸಾಲೆ ಹಚ್ಚಿ ಬಿಸಿ ಕಾವಲಿಗೆ ಇಟ್ಟರೆ ಒಂದು ಹನಿ ಎಣ್ಣೆ ಹಾಕಬೇಕಿಲ್ಲ. ಹೊಟ್ಟೆಯ ಕಡೆಯಿಂದ ಜಿನುಗಿದ್ದರಲ್ಲೇ ಚುರುಗುಟ್ಟುತ್ತ ಬೇಯುತ್ತದೆ. ಮಳೆಗಾಲದಲ್ಲಿ ಸಿಕ್ಕ ನಾಲ್ಕು ತಾರ್ಲೆ ಅದೇ ಕಾವಲಿಗೆ ಅಂಟಿ ಸಿಪ್ಪೆ ಕಿತ್ತುಬರುತ್ತದೆ.

ಆ ಬುಲೆಟಿನ್ ಬಂದ ಮರುವರ್ಷ, 1970ರಲ್ಲಿ, ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಗ್ರೀನ್‌ಲ್ಯಾಂಡಿನ ಉಮಾನಾಕ್ ಸೀಮೆಗೆ ಹೋಗಿ 130 ಇನ್ಯೂಟ್ ಜನರ ರಕ್ತ ತೆಗೆದರು. ಸೀಲ್, ತಿಮಿಂಗಿಲ, ಮೀನು ತಿನ್ನುವ ಜನ, ತಿನ್ನುವುದೆಲ್ಲ ಕೊಬ್ಬು. ಆದರೂ ರಕ್ತದ ಟ್ರೈಗ್ಲಿಸರೈಡ್ ಡೆನ್ಮಾರ್ಕಿನವರಿಗಿಂತ ಬಹಳ ಕಡಿಮೆ. 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಾರಣ ಕೊಬ್ಬಿನ ಪ್ರಮಾಣವಲ್ಲ, ಜಾತಿ: ಡಯಾಟಮ್ಮಿನಂಥ ಪಾಚಿಯಿಂದ ಮೀನಿಗೆ, ಮೀನಿನಿಂದ ತಿಂದವರಿಗೆ ಬರುವ ಒಮೇಗಾ-3 ಕೊಬ್ಬಿನಾಮ್ಲ. ಅಕ್ಕ ಅರ್ಧ ಗೆದ್ದಂತಾಯಿತು.

ಇನ್ನರ್ಧಕ್ಕೆ ನಮ್ಮ ಪಿತ್ತಜನಕಾಂಗದ, ಅಂದರೆ ಲಿವರಿನ, ಲೆಕ್ಕ ನೋಡಬೇಕು. ಉಂಡ ಕೊಬ್ಬನ್ನು ಕರುಳು ಸಣ್ಣ ಉಂಡೆ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಹಬ್ಬದೂಟದ ನಂತರ ರಕ್ತ ತೆಗೆದರೆ ಅದರ ನೀರು ಹಾಲಿನಂತೆ ಕಾಣಬಹುದು. ಕೆಲವು ಗಂಟೆಯಲ್ಲಿ ಅದು ಸ್ನಾಯುವಿಗೂ ಕೊಬ್ಬಿನ ಚೀಲಕ್ಕೂ ಹಂಚಿಹೋಗುತ್ತದೆ. ಖಾಲಿ ಹೊಟ್ಟೆಯಲ್ಲೂ 418 ಇತ್ತೆಂದರೆ ಅದು ಮುಖ್ಯವಾಗಿ ಲಿವರ್ ತಾನೇ ಮಾಡಿ ಹೊರಬಿಟ್ಟದ್ದು. ಅದರ ಕಚ್ಚಾಮಾಲಿನಲ್ಲಿ ಖರ್ಚಾಗದೆ ಉಳಿದ ಅನ್ನ, ಸಕ್ಕರೆ, ಫೆನಿಗೂ ಪಾಲುಂಟು. ನಾನು ತಟ್ಟೆಯಲ್ಲಿ ಎಣ್ಣೆ ಹುಡುಕುತ್ತಿದ್ದೆ, ಕಳ್ಳ ಅನ್ನದ ರಾಶಿಯ ಕೆಳಗೆ ಕೂತಿದ್ದ. 500 ದಾಟಿ ಸಾವಿರದತ್ತ ಹೋದರೆ ಮೇದೋಜೀರಕ ಗ್ರಂಥಿಯೇ ಉರಿದು ಆಸ್ಪತ್ರೆ ಸೇರಬೇಕಾದೀತು. ನಾನೊಬ್ಬನೇ ಅಲ್ಲ ಎಂಬುದೊಂದು ಸಮಾಧಾನ: ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಲ್ಲಿ ಹೆಚ್ಚು ಕೊಲೆಸ್ಟ್ರಾಲ್ ಇದ್ದವರು ಶೇ. 13.9, ಹೆಚ್ಚು ಟ್ರೈಗ್ಲಿಸರೈಡ್ ಇದ್ದವರು ಶೇ. 29.5.

ಒಮೇಗಾ-3 ಲಿವರಿನ ಈ ಉತ್ಪಾದನೆಗೆ ಲಗಾಮು ಹಾಕುತ್ತದೆ, ನಿಜ. ಆದರೆ ಔಷಧಿಯಾಗಿ ಕೊಡುವುದು ದಿನಕ್ಕೆ 4 ಗ್ರಾಂ. ನೂರು ಗ್ರಾಂ ಒಳ್ಳೆಯ ತಾರ್ಲೆಯಲ್ಲಿ ಸಿಗುವುದು ಒಂದೆರಡು ಗ್ರಾಂ. ಔಷಧಿಯ ಕಡತವೂ ನೇರವಾಗಿಲ್ಲ. 8,179 ಜನರ ಮೇಲೆ ನಡೆದ ರೆಡ್ಯೂಸ್-ಇಟ್ ಪ್ರಯೋಗದಲ್ಲಿ ಹೃದಯದ ಅವಘಡಗಳು ಶೇ. 25ರಷ್ಟು ತಗ್ಗಿದವು ಎಂದು 2018ರಲ್ಲಿ ಘೋಷಿಸಿದರು. ಎರಡು ವರ್ಷಕ್ಕೆ ಸ್ಟ್ರೆಂತ್ ಎಂಬ ಇನ್ನೊಂದರ ಫಲಿತಾಂಶ ಬಂತು. ಟ್ರೈಗ್ಲಿಸರೈಡ್ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು, ಹೃದಯಕ್ಕೆ ಲಾಭವೇ ಕಾಣಲಿಲ್ಲ. ಮೊದಲನೆಯದರಲ್ಲಿ ಹೋಲಿಕೆಯ ಗುಂಪಿಗೆ ಕೊಟ್ಟ ಖನಿಜ ಎಣ್ಣೆಯೇ ಅವರ ಎಲ್‌ಡಿಎಲ್ ಏರಿಸಿರಬಹುದು ಎಂಬ ಜಗಳ ಇನ್ನೂ ಮುಗಿದಿಲ್ಲ. ಅಂಕಿ ಇಳಿಸಿದ ಮಾತ್ರಕ್ಕೆ ಹೃದಯ ಉಳಿದೀತು ಎಂದು ನಾನಂತೂ ಬರೆದುಕೊಡಲಾರೆ.

ಅನ್ನ ಅರ್ಧ ಮಾಡಿದೆ, ಸಂಜೆ ಸಮುದ್ರದ ದಂಡೆಗೆ ನಡೆಯತೊಡಗಿದೆ. ಸೆಪ್ಟೆಂಬರ್ ಕೊನೆಗೆ ಮತ್ತೆ ಪರೀಕ್ಷೆ ಮಾಡಿಸಿದಾಗ 236. ಎಲ್‌ಡಿಎಲ್ ಕಲಮಿನಲ್ಲಿ ಅಂಕಿ ಬಂದಿತ್ತು, ಅದೇನೂ ಖುಷಿಪಡುವಂಥದ್ದಲ್ಲ.

ಚೀಟಿ ಜೇಬಿನಲ್ಲಿಟ್ಟುಕೊಂಡೇ ಬೈತಖೋಲಕ್ಕೆ ಹೋದೆ. ಬುಟ್ಟಿಯಲ್ಲಿ ತಾರ್ಲೆ ಇತ್ತು. ಇಪ್ಪತ್ತು ರೂಪಾಯಿ ಹೆಚ್ಚು ಕೊಡಲೂ ತಯಾರಿದ್ದೆ. ಅಕ್ಕ ಒಂದನ್ನು ಎತ್ತಿ, ಹೊಟ್ಟೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿ, ವಾಪಸ್ ಬುಟ್ಟಿಗೆ ಹಾಕಿದಳು.

"ಇವತ್ತು ಬಾಂಗಡೆ ತಗೊಂಡು ಹೋಗು. ಇದಕ್ಕಿನ್ನೂ ನೆಣ ಹತ್ತಲಿಲ್ಲ. ದೀಪಾವಳಿ ಆಗ್ಲಿ."