ಮುಧೋಳದ ನಾಯಿ ಯಾಕ ಬೆದರತೈತಿ?

ನಮ್ಮ ಚಿಗರಿ ನಿಮಗೆಲ್ಲಾರಿಗೂ ಗೊತ್ತೈತಿ. “ಇಷ್ಟ ದೊಡ್ಡ ನಾಯಿ, ಕುಕ್ಕರ್ ಸೀಟಿ ಹೊಡದ್ರ ಮಂಚದ ಬುಡಕ ಹೊಕ್ಕೋತೈತಲ್ಲ ವೈನಿ!” ಅಂತ ಎದುರಮನಿಯವರು ನಗತಾರ. ಮುಧೋಳ ನಾಯಿ ಅಂದ್ರ ಹುಲಿ ಇದ್ದಂಗ ಇರಬೇಕು ಅಂತ ನಾನೂ ತಿಳಿದಿದ್ದೆ.

ಹೋದ ಶ್ರಾವಣದಾಗ ಒಂದಿನ ಸಂಜಿಮುಂದ ಅದನ್ನ ಅಡ್ಡಾಡಿಸಾಕ ಕರಕೊಂಡು ಹೊಂಟಿದ್ದೆ. ಹಿಂದಿನಿಂದ ಮೋಟರ್ ಸೈಕಲ್ ಡಬಡಬ ಅಂತ ಬಂತು. ಹೆದರಿ ಹಿಂದಕ್ಕ ಜಗ್ಗಿತು ನೋಡ್ರಿ, ಕೊರಳಪಟ್ಟಿ ತಲಿಯಿಂದ ಜಾರಿ ನನ್ನ ಕೈಯಾಗ ಉಳೀತು. ಎರಡು ತಾಸು ಹುಡುಕಿದ ಮ್ಯಾಲೆ ಶಾಲಿ ಬಯಲಿನ ಮೂಲ್ಯಾಗ ನಡುಗಕೋತ ಕುಂತಿತ್ತು. “ಯಾರಿಗರೆ ಕೊಟ್ಟಬಿಡೂಣು” ಅಂದ್ರು ಮನಿಯವರು. ನಾನು ಒಂದು ತಿಂಗಳ ಗಡುವು ಕೇಳಿದೆ.

ನನ್ನ ತವರು ಮುಧೋಳದ ಕಡೆ. ಅಣ್ಣಗ ಫೋನ್ ಹಚ್ಚಿದೆ. “ತಂಗಿ, ಅದಕ್ಕ ಹೊಲದ ಕಣ್ಣು ಐತಿ. ನೀ ಓಣ್ಯಾಗ ಎಳದಾಡಿದ್ರ ಏನ ಮಾಡೀತು?” ಅಂದ.

ಅವನ ಮಾತು ಖರೇ. ಈ ನಾಯಿ ಹುಟ್ಟಿಬಂದಿದ್ದೇ ಬೇಟಿಗೆ. ಮೂಸಿ ಹುಡುಕೂದಕ್ಕಿಂತ ದೂರದಿಂದ ಕಣ್ಣೀಲೆ ನೋಡಿ, ಬಯಲಾಗ ಓಡಿ ಮೊಲ ಹಿಡಿಯೂ ಜಾತಿ. ಅದಕ್ಕ ಉದ್ದ ಕಾಲು, ತೆಳ್ಳನ ನಡಾ, ಸಣ್ಣ ತಲಿ. ಬೇಡರ ಹತ್ರ ಇದ್ದ ಈ ನಾಯಿಗಳನ್ನ ನೋಡಿ ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ತಳಿ ಬೆಳಸಿದ್ರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗ ಒಂದು ಜೋಡಿ ಕಾಣಿಕಿ ಕೊಟ್ರು, ಅಲ್ಲಿಂದ ಮುಧೋಳದ ಹೆಸರು ಗಟ್ಟಿಯಾತು ಅಂತ ನಮ್ಮ ಕಡೆ ಹೇಳತಾರ. 2005ರಾಗ ಅಂಚೆ ಚೀಟಿ ಮ್ಯಾಲೂ ಬಂತು. ಮುಧೋಳದ ಹತ್ರ ತಿಮ್ಮಾಪುರದಾಗ ಈ ನಾಯಿಗಳ ಸಂಶೋಧನಾ ಕೇಂದ್ರ ಐತಿ. ನಮ್ಮ ಸೈನ್ಯದವರೂ ಮರಿಗಳನ್ನ ಮೀರತ್‌ಗೆ ಒಯ್ದು ತರಬೇತಿ ಕೊಟ್ಟಾರ. ಅಂದ್ರ ಕಲಿಯೂದಿಲ್ಲ ಅನ್ನೂ ಮಾತು ಸುಳ್ಳು.

ಬಯಲಾಗ ಅಲುಗಾಡೂದನ್ನೆಲ್ಲಾ ನೋಡಬೇಕಾದ ಕಣ್ಣಿಗೆ ನಮ್ಮ ಓಣ್ಯಾಗ ರಿಕ್ಷಾ, ಚೆಂಡು, ಒಣಹಾಕಿದ ಸೀರಿ ಎಲ್ಲಾನೂ ಒಮ್ಮೆಲೇ ಕಾಣತಾವ. ಬೆದರದ ಏನ ಮಾಡೀತು? ತಲಿ ಸಣ್ಣದು, ಕುತ್ತಿಗಿ ದಪ್ಪ, ಅದಕ್ಕ ಸಾದಾ ಪಟ್ಟಿ ಜಾರತೈತಿ.

ಇಷ್ಟು ತಿಳಿದ ಮ್ಯಾಲೆ ಎದಿಗೆ ಕಟ್ಟೂ ಪಟ್ಟಿ ತಂದೆ. ಗದ್ದಲ ಇಲ್ಲದ ಹೊತ್ತು, ನಸಿಕಿನ್ಯಾಗ ಐದಕ್ಕ ಹೊಂಟ್ವಿ. ಮೊದಲ ವಾರ ಗೇಟಿನ ತನಕ ಅಷ್ಟ. ಗಾಡಿ ದೂರ ಇದ್ದಾಗಲೇ ನಿಂತು, ಅದು ನನ್ನ ಕಡೆ ಹೊಳ್ಳಿ ನೋಡಿದ್ರ ರೊಟ್ಟಿ ಚೂರು ಕೊಟ್ಟೆ. ಜಗ್ಗಲಿಲ್ಲ, ಬೈಯಲಿಲ್ಲ. ಹೆದರಿದ್ರ ಸುಮ್ಮನ ಹೊಳ್ಳಿ ಮನಿಗೆ ಬಂದ್ವಿ.

ತಿಂಗಳ ಗಡುವು ಮುಗಿಯೂದ್ರಾಗ ಹಾಲಿನ ಅಂಗಡಿ ತನಕ ಬಂತು. ಮನಿಯವರು ಏನೂ ಅನಲಿಲ್ಲ, ಮರುದಿನ ತಾವೇ ಪಟ್ಟಿ ಹಿಡಕೊಂಡು ಬಾಗಲದಾಗ ನಿಂತಿದ್ರು. ಕುಕ್ಕರ್ ಸೀಟಿಗೆ ಇನ್ನೂ ಮಂಚದ ಬುಡಕ ಹೋಗತೈತಿ. ಹೋಗಲಿ ಬಿಡ್ರಿ. ನಮ್ಮನಿಗೆ ಬಂದಾಗ ಅದರ ತಲಿ ಸವರಾಕ ಅವಸರ ಮಾಡಬ್ಯಾಡ್ರಿ, ಅದಾ ನಿಮ್ಮ ಹತ್ರ ಬರತೈತಿ.