ಧಾತು ಬರದ ತಬ್ಬಲಿಗಳು: ತುಮಕೂರು ಸೀಮೆಯಲ್ಲಿ ಮಿಷನ್ ಅನಾಥಾಲಯಗಳ ಹಿನ್ನೆಲೆ

ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಂಡಿನಶಿವರವೂ ಅದನ್ನು ಸುತ್ತುವರಿದ ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಗಳೂ ತೆಂಗು ಮತ್ತು ಕೊಬ್ಬರಿಯ ನಾಡೆಂದು ಹೆಸರಾಗಿದ್ದರೂ, ಈ ನಾಡಿನ ಬದುಕು ನಿಂತಿರುವುದು ಮಳೆ ಕಡಿಮೆಯಾದ ಬಯಲಿನ ಕೆರೆಗಳ ಮೇಲೆ ಎಂಬುದನ್ನು ಮರೆತರೆ ಇದರ ಸಾಮಾಜಿಕ ಚರಿತ್ರೆ ಅರ್ಥವಾಗುವುದಿಲ್ಲ. ಈ ಸೀಮೆಯಲ್ಲಿ ಕ್ರೈಸ್ತ ಮಿಷನ್ನುಗಳು, ಅಂದರೆ ಮತಪ್ರಚಾರಕ್ಕಾಗಿ ಪಶ್ಚಿಮದ ಚರ್ಚುಗಳು ಕಳುಹಿಸಿದ ಸಂಘಟನೆಗಳು, ದಿಕ್ಕಿಲ್ಲದ ಮಕ್ಕಳ ಪಾಲನೆಯನ್ನು ಕೈಗೆತ್ತಿಕೊಂಡ ಕಥೆಯೂ ಕೆರೆ ಬತ್ತಿದ ಕಾಲದಿಂದಲೇ ಆರಂಭವಾಗುತ್ತದೆ. ಆ ಕಥೆಯನ್ನು ಒಂದು ಪಕ್ಷ ಶುದ್ಧ ಕರುಣೆಯೆಂದೂ ಇನ್ನೊಂದು ಪಕ್ಷ ಶುದ್ಧ ಮತಾಂತರವೆಂದೂ ಹೇಳುತ್ತ ಬಂದಿರುವುದರಿಂದ, ನಡುವೆ ನಿಂತಿದ್ದ ಮಕ್ಕಳೇ ಚರಿತ್ರೆಯಿಂದ ಮರೆಯಾಗಿದ್ದಾರೆ.

1876ರಲ್ಲಿ ಆರಂಭವಾದ ಧಾತು ಬರಕ್ಕೆ ನಲವತ್ತು ವರ್ಷ ಮೊದಲೇ ಈ ಸೀಮೆಗೆ ಮಿಷನರಿಗಳು ಬಂದಿದ್ದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಆರಂಭಿಸಿದ ಸುಧಾರಣಾ ಚಳವಳಿಯಿಂದ ಹುಟ್ಟಿದ ವೆಸ್ಲಿಯನ್ ಮೆಥಡಿಸ್ಟ್ ಪಂಥದ ಥಾಮಸ್ ಹಾಡ್ಸನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆ ಮಾಡಿದನು. 1800ರಲ್ಲಿ ಈ ಪ್ರದೇಶವನ್ನು ಹಾದುಹೋದ ಫ್ರಾನ್ಸಿಸ್ ಬುಕನನ್ ದಾಖಲಿಸಿದಂತೆ ಗುಬ್ಬಿ ಆಗಲೇ ದೊಡ್ಡ ವ್ಯಾಪಾರದ ಊರಾಗಿದ್ದಿತು. ಸುತ್ತಲಿನ ಅಡಿಕೆ, ಕೊಬ್ಬರಿಗಳು ಅಲ್ಲಿ ಕೈಬದಲಾಗುತ್ತಿದ್ದುದರಿಂದ ಜನ ಸೇರುವ ಸಂತೆಯನ್ನು ಅರಸಿ ಬಂದ ಬೋಧಕರಿಗೆ ಅದು ಸಹಜವಾದ ಆಯ್ಕೆಯಾಯಿತು. 1839ರಲ್ಲಿ ಬಂದು ಸೇರಿದ ವಿಲಿಯಂ ಆರ್ಥರ್ ಎಂಬ ಐರಿಷ್ ಯುವಕನು ಕನ್ನಡ ಕಲಿತು, ಕಣ್ಣಿನ ಬೇನೆಯಿಂದ ಎರಡೇ ವರ್ಷಗಳಲ್ಲಿ ಹಿಂದಿರುಗಬೇಕಾಗಿ ಬಂದರೂ, 1847ರಲ್ಲಿ ಮೈಸೂರು ಮಿಷನ್ನಿನ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ಹಾಡ್ಸನ್ ಕನ್ನಡ ವ್ಯಾಕರಣವನ್ನು ಬರೆದನು. ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ವಿಲಿಯಂ ರೀವ್‌ನ ಕನ್ನಡ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದನು. ಈ ಮೊದಲ ತಲೆಮಾರಿನ ಶ್ರಮವು ಭಾಷೆ, ಶಾಲೆ ಮತ್ತು ಸಂತೆಯ ಬೋಧನೆಗಳಲ್ಲಿ ವ್ಯಯವಾಯಿತು. ಹಳ್ಳಿಯ ಜನ ಅವರ ಮಾತನ್ನು ಸಾವಧಾನದಿಂದ ಕೇಳಿದರು, ಮಕ್ಕಳನ್ನು ಅವರ ಶಾಲೆಗೂ ಕಳುಹಿಸಿದರು, ಆದರೆ ತಮ್ಮ ಮತವನ್ನು ಬಿಡಲಿಲ್ಲ. ಕ್ರೈಸ್ತರಾದವರ ಸಂಖ್ಯೆ ಬಹು ಕಾಲ ಅತ್ಯಲ್ಪವಾಗಿಯೇ ಉಳಿಯಿತು.

ಈ ಸ್ಥಿತಿಯನ್ನು ಬದಲಿಸಿದ್ದು ಧಾತು ಮತ್ತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ. 1875ರಲ್ಲಿಯೇ ಕೊರತೆಯಾಗಿದ್ದ ಮಳೆ ಮರುವರ್ಷ ಪೂರ್ತಿ ಕೈಕೊಟ್ಟಿತು. ಬಯಲುಸೀಮೆಯ ರೈತರು ರಾಗಿಯನ್ನು ಹಗೇವುಗಳಲ್ಲಿ, ಅಂದರೆ ನೆಲದಡಿ ತೋಡಿದ ಕಣಜಗಳಲ್ಲಿ, ವರ್ಷಗಟ್ಟಲೆ ಕಾಪಿಡುತ್ತಿದ್ದುದು ಇಂತಹ ಕಾಲಕ್ಕೆಂದೇ. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು, ಎರಡನೆಯದನ್ನು ತಡೆಯಲಿಲ್ಲ. ಕೆರೆಗಳು ಬತ್ತಿದವು, ಮೇವಿಲ್ಲದೆ ದನಗಳು ಸತ್ತವು. ನೆಟ್ಟು ಹಲವು ವರ್ಷ ಕಾದ ಮೇಲೆ ಫಲ ಕೊಡುವ ತೆಂಗು ಒಣಗಿದರೆ ಆ ನಷ್ಟ ಒಂದು ಬೆಳೆಯದಾಗಿರದೆ ಅರ್ಧ ತಲೆಮಾರಿನದಾಗಿರುತ್ತಿತ್ತು. ಮೈಸೂರು ರಾಜ್ಯದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದುದು 1881ರ ಗಣತಿಯಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಆಗ ರಾಜ್ಯವು ಬ್ರಿಟಿಷ್ ಕಮಿಷನರರ ನೇರ ಆಡಳಿತದಲ್ಲಿತ್ತು. ಗಂಜಿಕೇಂದ್ರ, ಪರಿಹಾರ ಶಿಬಿರ, ರಸ್ತೆ ಮತ್ತು ರೈಲುದಾರಿಯ ಕೂಲಿಕೆಲಸಗಳನ್ನು ತೆರೆದ ಆ ಆಡಳಿತವು ಬೊಕ್ಕಸದ ಉಳಿಕೆಯನ್ನೆಲ್ಲ ಕರಗಿಸಿತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಮರಳಿ ಒಪ್ಪಿಸುವಾಗ ಅದರ ಜೊತೆಗೆ ಭಾರತ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿಗಳ ಸಾಲವೂ ಬಂದಿತು.

ಕ್ಷಾಮದಲ್ಲಿ ಮೊದಲು ಮುರಿಯುವುದು ಕುಟುಂಬ. ದುಡಿಯಬಲ್ಲ ಗಂಡಸು ಕೂಲಿ ಹುಡುಕಿ ಗುಳೆ ಹೋಗುತ್ತಾನೆ, ತಾಯಿ ತನ್ನ ಪಾಲಿನ ಹಿಡಿ ಅನ್ನವನ್ನು ಮಕ್ಕಳಿಗೆ ಕೊಟ್ಟು ಮೊದಲು ಸಾಯುತ್ತಾಳೆ, ಮಕ್ಕಳು ಗುಂಪು ಹೋದ ದಾರಿಯಲ್ಲಿ ನಡೆದು ಯಾವುದೋ ಊರಿನ ಗಂಜಿಕೇಂದ್ರವನ್ನು ಸೇರುತ್ತಾರೆ. ಜಾತಿಯ ನಿಯಮದಂತೆ ಪರರು ಬೇಯಿಸಿದ ಅನ್ನವನ್ನು ಉಣ್ಣಲಾರದೆ ಶಿಬಿರದಿಂದ ದೂರ ನಿಂತು ಸತ್ತವರೂ ಇದ್ದರು. ಉಂಡು ಬದುಕಿದ ಮಗುವನ್ನು ಜಾತಿಗೆ ಮರಳಿ ಸೇರಿಸಿಕೊಳ್ಳಲು ನೆಂಟರು ಹಿಂಜರಿದದ್ದೂ ಉಂಟು. ಕೂಡುಕುಟುಂಬವೂ ಊರೂ ಜಾತಿಯೂ ತಬ್ಬಲಿಗಳಿಗೆ ಆಸರೆಯಾಗುವ ಹಳೆಯ ಪದ್ಧತಿ ಸಾಧಾರಣ ಕಾಲಕ್ಕೆ ಸಾಕಾಗುತ್ತಿದ್ದರೂ, ಊರಿಗೆ ಊರೇ ಹಸಿದಿರುವಾಗ ಅದು ನಿಲ್ಲುವಂತಿರಲಿಲ್ಲ. ಹೀಗೆ ಉಳಿದ ಮಕ್ಕಳನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಶಿಬಿರಗಳನ್ನು ಮುಚ್ಚುವ ಹೊತ್ತಿಗೆ ಸರ್ಕಾರದ ಮುಂದೆ ನಿಂತಿತು. ಲಂಡನ್ನಿನ ಮೇಯರನ ಹೆಸರಿನಲ್ಲಿ ಸಂಗ್ರಹವಾದ ಮ್ಯಾನ್ಷನ್ ಹೌಸ್ ನಿಧಿ ಎಂಬ ದೊಡ್ಡ ದಾನವು ದಕ್ಷಿಣ ಭಾರತಕ್ಕೆ ಬಂದಿತ್ತು. ಮಕ್ಕಳನ್ನು ವರ್ಷಗಟ್ಟಲೆ ಸಾಕಬಲ್ಲ ಕಟ್ಟಡ, ಸಿಬ್ಬಂದಿ ಮತ್ತು ಹೊರಗಿನ ಹಣ ಮೂರೂ ಒಟ್ಟಿಗೆ ಇದ್ದದ್ದು ಬಹುಮಟ್ಟಿಗೆ ಮಿಷನ್ನುಗಳ ಬಳಿ ಮಾತ್ರ.

ವೆಸ್ಲಿಯನ್ ಮಿಷನ್ನು ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿಯೂ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿಯೂ ಅನಾಥಾಲಯಗಳನ್ನು ತೆರೆದದ್ದು ಈ ಸಂದರ್ಭದಲ್ಲಿ. ಇದರಿಂದ ತುರುವೇಕೆರೆ, ತಿಪಟೂರು ಸೀಮೆ ಎರಡು ಅನಾಥಾಲಯಗಳ ನಡುವಿನ ನಾಡಾಯಿತು. ಆ ಕಾಲದ ಮಿಷನ್ ಅನಾಥಾಲಯಗಳ ದಿನಚರಿ ಹೆಚ್ಚುಕಡಿಮೆ ಎಲ್ಲೆಡೆಯೂ ಒಂದೇ ಬಗೆಯದು: ಬೆಳಗಿನ ಪ್ರಾರ್ಥನೆ, ಕನ್ನಡದಲ್ಲಿ ಓದು ಬರಹ, ಲೆಕ್ಕ, ಬೈಬಲ್ಲಿನ ಪಾಠ, ಉಳಿದ ಹೊತ್ತಿನಲ್ಲಿ ಗಂಡುಮಕ್ಕಳಿಗೆ ಕೈಕಸುಬು ಅಥವಾ ಬೇಸಾಯ, ಹೆಣ್ಣುಮಕ್ಕಳಿಗೆ ಹೊಲಿಗೆ ಮತ್ತು ಅಡುಗೆ. ಊರಿನ ಮೇಲ್ಜಾತಿಯ ಮನೆಗಳಲ್ಲೂ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದು ಅಪರೂಪವಾಗಿದ್ದಾಗ ಬೀದಿಯಲ್ಲಿ ಸಿಕ್ಕ ತಬ್ಬಲಿ ಹುಡುಗಿಯೊಬ್ಬಳು ಹಾಸನದಲ್ಲಿ ಓದು ಕಲಿತಳೆಂಬುದು ಸಣ್ಣ ಸಂಗತಿಯಲ್ಲ. ಹೀಗೆ ಬೆಳೆದವರಲ್ಲಿ ಕೆಲವರು ಶಾಲೆಯ ಉಪಾಧ್ಯಾಯರಾದರು, ಕೆಲವರು ಕ್ಯಾಟೆಕಿಸ್ಟರಾದರು, ಎಂದರೆ ಪಾದ್ರಿಯ ಕೈಕೆಳಗೆ ಹಳ್ಳಿಗಳಲ್ಲಿ ಬೋಧಿಸುವ ಉಪದೇಶಕರಾದರು. ಬೋಧನೆಯಿಂದ ಒಲಿಯದಿದ್ದ ಸೀಮೆಯಲ್ಲಿ ಕ್ರೈಸ್ತ ಸಭೆಗೆ ಹೊಸ ತಲೆಮಾರನ್ನು ಒದಗಿಸಿದವರಲ್ಲಿ ಹಸಿವಿನಿಂದ ಪಾರಾದ ಈ ಮಕ್ಕಳೂ ಸೇರಿದ್ದರು.

ರೋಮನ್ ಕ್ಯಾಥೊಲಿಕರ ದಾರಿ ತುಸು ಬೇರೆಯಾಗಿತ್ತು. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದ ಅಬ್ಬೆ ದುಬೊಯಿ ಎಂಬ ಪಾದ್ರಿಯು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತ ಕುಟುಂಬಗಳನ್ನು ಬೇಸಾಯಗಾರರಾಗಿ ನೆಲೆಗೊಳಿಸಿದ್ದನು. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸುವ ಕೆಲಸದಲ್ಲಿಯೂ ಆತ ದುಡಿದನು. ಅದೇ ಸಂಘದ ಪಾದ್ರಿಗಳು ಧಾತು ಬರದ ನಂತರ ಬೆಂಗಳೂರಿನ ಸುತ್ತ ಸಿಲುವೆಪುರದಂತಹ ಕೃಷಿ ಗ್ರಾಮಗಳನ್ನು ಕಟ್ಟಿ, ಕ್ಷಾಮದಲ್ಲಿ ಆಸರೆ ಪಡೆದವರಿಗೆ ಅಲ್ಲಿ ನೆಲೆ ಕಲ್ಪಿಸಿದರು. 1854ರಲ್ಲಿಯೇ ಬೆಂಗಳೂರಿಗೆ ಬಂದಿದ್ದ ಗುಡ್ ಶೆಫರ್ಡ್ ಸನ್ಯಾಸಿನಿಯರು ಹೆಣ್ಣುಮಕ್ಕಳ ಪಾಲನೆಯನ್ನು ನೋಡಿಕೊಂಡರು. ಈ ಎರಡು ಮಾದರಿಗಳನ್ನು ಹೋಲಿಸಿದಾಗ, ಮಗುವನ್ನು ಕಟ್ಟಡದೊಳಗೆ ಬೆಳೆಸಿ ಕಸುಬು ಕಲಿಸುವುದಕ್ಕಿಂತ ಮನೆಯನ್ನೂ ಹೊಲವನ್ನೂ ಕೊಟ್ಟು ಕುಟುಂಬವನ್ನು ನಿಲ್ಲಿಸುವುದು ಹೆಚ್ಚು ಬಾಳಿಕೆಯದೆಂದೇ ಹೇಳಬೇಕಾಗುತ್ತದೆ. ಸಿಲುವೆಪುರ ಇಂದಿಗೂ ಊರಾಗಿ ಉಳಿದಿದೆ.

ಆದರೆ ಈ ಪಾಲನೆಗೆ ಮಕ್ಕಳು ತೆತ್ತ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದ ಚರಿತ್ರೆ ಅಪೂರ್ಣವಾಗುತ್ತದೆ. ಒಪ್ಪಿಗೆ ಕೊಡುವ ವಯಸ್ಸಾಗದ ಮಗುವಿಗೆ ದೀಕ್ಷಾಸ್ನಾನ, ಎಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ನಡೆಯುತ್ತಿತ್ತು. ಅನೇಕ ವೇಳೆ ಅದರೊಂದಿಗೆ ಹೊಸ ಹೆಸರೂ ಬರುತ್ತಿತ್ತು, ಹಳೆಯ ಹೆಸರಿನ ಜೊತೆಗೆ ಊರು, ಬೆಡಗು, ಮನೆದೇವರುಗಳ ನೆನಪೂ ಹೋಗುತ್ತಿತ್ತು. ಬರ ಕಳೆದ ಮೇಲೆ ಬದುಕಿ ಬಂದ ತಂದೆಯೋ ಸೋದರಮಾವನೋ ಮಗುವನ್ನು ಅರಸಿದರೆ, ಹಳೆಯ ಹೆಸರಿನ ಸುಳಿವಿಲ್ಲದೆ ಅದನ್ನು ಗುರುತಿಸುವುದು ಕಷ್ಟವಾಗುತ್ತಿತ್ತು. ಹಸಿದ ಮಗುವಿಗೆ ಅನ್ನವಿಟ್ಟವರ ಋಣ ದೊಡ್ಡದು; ಅನ್ನವಿಟ್ಟ ಮಾತ್ರಕ್ಕೆ ಆ ಮಗುವಿನ ಮತವನ್ನು ನಿರ್ಧರಿಸುವ ಹಕ್ಕು ಬರುವುದಿಲ್ಲ. ಈ ಆಕ್ಷೇಪ ಆ ಕಾಲದಲ್ಲಿಯೇ ಎದ್ದಿತ್ತು. ಶತಮಾನ ಮುಗಿಯುವ ಹೊತ್ತಿಗೆ ಕ್ಷಾಮ ಸಂಹಿತೆಗಳು, ಎಂದರೆ ಬರಗಾಲದಲ್ಲಿ ಅಧಿಕಾರಿಗಳು ಅನುಸರಿಸಬೇಕಾದ ನಿಯಮಾವಳಿಗಳು, ಅನಾಥ ಮಗುವನ್ನು ಮೊದಲು ನೆಂಟರಿಗೆ, ಅವರಿಲ್ಲದಿದ್ದರೆ ಅದರದೇ ಮತದವರಿಗೆ ಒಪ್ಪಿಸಲು ಯತ್ನಿಸಬೇಕೆಂಬ ತತ್ತ್ವವನ್ನು ಅಂಗೀಕರಿಸಿದವು. ಮಿಷನರಿಗಳ ಪರವಾಗಿಯೂ ಒಂದು ಮಾತನ್ನು ಒತ್ತಿ ಹೇಳಬೇಕು: 1877ರಲ್ಲಿ ಅವರು ಬಾಗಿಲು ತೆರೆಯದಿದ್ದರೆ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಮತದ ಪ್ರಶ್ನೆಯನ್ನು ಎತ್ತುವಷ್ಟು ಕಾಲ ಬದುಕೇ ಇರುತ್ತಿರಲಿಲ್ಲ.

ಮುಂದಿನ ತಲೆಮಾರುಗಳಲ್ಲಿ ಮಕ್ಕಳ ಪಾಲನೆಯ ಈ ಕೆಲಸ ಮಿಷನ್ನುಗಳ ಕೈಯಲ್ಲಿ ಮಾತ್ರ ಉಳಿಯಲಿಲ್ಲ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ರೈಲು 1889ರಲ್ಲಿ ಗುಬ್ಬಿ, ತಿಪಟೂರುಗಳನ್ನು ಹಾದು ಹರಿಹರವನ್ನು ಮುಟ್ಟಿದಾಗ ಧಾನ್ಯ ಹೊರಗಿನಿಂದ ಬರುವ ದಾರಿ ತೆರೆಯಿತು, ಕೊಬ್ಬರಿಗೆ ದೂರದ ಮಾರುಕಟ್ಟೆ ದೊರೆಯಿತು. ಮಕ್ಕಳ ಪಾಲನೆಯ ಕಡೆಯಲ್ಲಿ, ತುಮಕೂರಿನ ಪಕ್ಕದ ಸಿದ್ಧಗಂಗಾ ಮಠದಲ್ಲಿ ಉದ್ಧಾನ ಶಿವಯೋಗಿಗಳ ಕಾಲದಲ್ಲಿ ಬೆಳೆದು, 1941ರಿಂದ ಮಠದ ಹೊಣೆ ಹೊತ್ತು 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಹೆಮ್ಮರವಾದ ಅನ್ನ ಮತ್ತು ಅಕ್ಷರ ದಾಸೋಹವು ಸಾವಿರಾರು ಬಡಮಕ್ಕಳಿಗೆ ಜಾತಿಮತಗಳನ್ನು ಕೇಳದೆ ವಸತಿ, ಊಟ, ವಿದ್ಯೆಗಳನ್ನು ಕೊಟ್ಟಿತು. ಈ ದಾಸೋಹದ ಬೇರು ಹನ್ನೆರಡನೆಯ ಶತಮಾನದ ಶರಣರ ಚಿಂತನೆಯಲ್ಲಿದೆ. ಮಿಷನ್ನುಗಳ ಸ್ಪರ್ಧೆಯಿಂದಲೇ ಅದು ಹುಟ್ಟಿತೆನ್ನುವುದು ಸರಿಯಲ್ಲ. ಆದರೂ ಒಂದೇ ಪಟ್ಟಣದ ಅಂಚಿನಲ್ಲಿ ಎರಡು ಬೇರೆ ಧರ್ಮಗಳ ಸಂಸ್ಥೆಗಳು ಬಡವರ ಮಗುವಿಗೆ ಊಟದೊಂದಿಗೆ ಓದನ್ನೂ ಕೊಡಬೇಕೆಂಬ ಒಂದೇ ತೀರ್ಮಾನಕ್ಕೆ ಬಂದದ್ದು ಈ ಜಿಲ್ಲೆಯ ಹೆಮ್ಮೆಯ ಸಂಗತಿ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪನೆಯಾದಾಗ ವೆಸ್ಲಿಯನ್ ಮಿಷನ್ನಿನ ಸಭೆಗಳು ಅದರಲ್ಲಿ ಸೇರಿದವು. ಸಂವಿಧಾನದ 28ನೆಯ ವಿಧಿಯು ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ವಿದ್ಯಾಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ವಯಸ್ಸಿನ ಮಗುವಿಗೆ ಮತಬೋಧನೆ ಮಾಡಬಾರದೆಂದು ವಿಧಿಸಿ, ಕ್ಷಾಮಕಾಲದ ಆ ಹಳೆಯ ಜಗಳಕ್ಕೆ ನ್ಯಾಯವಾದ ಉತ್ತರ ಕೊಟ್ಟಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಯಾವ ಧರ್ಮದ ಸಂಸ್ಥೆಯೇ ಆಗಲಿ ಮಕ್ಕಳ ಪಾಲನೆಗೆ ನೋಂದಣಿ ಪಡೆಯಬೇಕು. ದಿಕ್ಕಿಲ್ಲದೆ ಸಿಕ್ಕ ಮಗುವನ್ನು ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿಯಿಲ್ಲದಾಗ ಮಾತ್ರ. ಕುಟುಂಬವನ್ನು ಉಳಿಸಿ ಮಗುವನ್ನು ಉಳಿಸಬೇಕೆಂಬ ಈ ತತ್ತ್ವ ಕಾನೂನಾಗಲು ಧಾತು ಬರದಿಂದ ಲೆಕ್ಕ ಹಾಕಿದರೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಆ ತಬ್ಬಲಿಗಳ ಚರಿತ್ರೆಯನ್ನು ಬರೆಯಲು ಬೇಕಾದ ಕಾಗದಗಳು ಚೆದುರಿವೆ. ಮೆಥಡಿಸ್ಟ್ ಮಿಷನ್ನಿನ ಪತ್ರಗಳು ಲಂಡನ್ನಿನಲ್ಲಿಯೂ ಕ್ಯಾಥೊಲಿಕ್ ಪಾದ್ರಿಗಳ ಬರಹಗಳು ಪ್ಯಾರಿಸ್ಸಿನಲ್ಲಿಯೂ ಚರ್ಚಿಗೆ ಸಂಬಂಧಿಸಿದ ಅನೇಕ ದಾಖಲೆಗಳು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿಯೂ ಇವೆ. ಸಭೆಗಳ ಹಳೆಯ ದೀಕ್ಷಾಸ್ನಾನದ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಕಾಪಾಡುವುದು ಚರ್ಚಿನವರ ಕರ್ತವ್ಯ. ಅವುಗಳಲ್ಲಿ ಸಿಗಬಹುದಾದ ಊರಿನ ಹೆಸರುಗಳನ್ನು ಗ್ರಾಮಗಳ ಹಳೆಯ ಕಂದಾಯ ಲೆಕ್ಕಗಳೊಂದಿಗೆ ಹೋಲಿಸುವುದು ತುಮಕೂರು ವಿಶ್ವವಿದ್ಯಾಲಯದ ಚರಿತ್ರೆಯ ವಿದ್ಯಾರ್ಥಿಗಳು ಮಾಡಬಹುದಾದ, ಮಾಡಲೇಬೇಕಾದ ಕೆಲಸ. ದಂಡಿನಶಿವರ, ಮಾಯಸಂದ್ರ, ನೊಣವಿನಕೆರೆ, ಹೊನ್ನವಳ್ಳಿಗಳ ಹಿರಿಯರು ತಮ್ಮ ಮನೆತನಗಳಲ್ಲಿ ಉಳಿದಿರುವ ಬರಗಾಲದ ಮಾತುಗಳನ್ನು, ಕಾಣೆಯಾದ ಮಕ್ಕಳ ಹೆಸರು ನೆನಪಿದ್ದರೆ ಅವನ್ನೂ, ಬರೆದಿಡಬೇಕು ಅಥವಾ ಬರೆಯಬಲ್ಲವರಿಗೆ ಹೇಳಬೇಕು.