ಕೊಳಚೆ ನೀರು ಶುದ್ಧೀಕರಣ ಘಟಕಗಳ ಯಂತ್ರ ನಿರ್ವಹಣೆ: ಕರ್ನಾಟಕದಲ್ಲಿ

ಒಳಚರಂಡಿಯ ನೀರನ್ನು ಶುದ್ಧಗೊಳಿಸುವ ಘಟಕಗಳಲ್ಲಿ ಪಂಪು, ಮೋಟಾರು, ಬ್ಲೋಯರ್, ಕಸದ ಜಾಲರಿ ಮುಂತಾದವನ್ನು ಸುಸ್ಥಿತಿಯಲ್ಲಿಡುವ, ಆಯುಸ್ಸು ತೀರಿದವನ್ನು ಬದಲಿಸುವ ವ್ಯವಸ್ಥೆ. ಇದರ ಇತಿಹಾಸಕ್ಕೆ ದಾಖಲೆ ಕಡಿಮೆ. ಘಟಕ ಉದ್ಘಾಟನೆಯಾದ ದಿನ ಕಲ್ಲಿನ ಮೇಲಿರುತ್ತದೆ. ಬೇರಿಂಗ್ ಬದಲಿಸಿದ ದಿನ, ಬರೆದಿದ್ದರೆ, ಲಾಗ್‌ಬುಕ್ಕಿನಲ್ಲಿ.

ಕೊಳಚೆಗೆ ಗಾಳಿಯೂದಿ ಸೂಕ್ಷ್ಮಜೀವಿಗಳಿಂದಲೇ ಅದನ್ನು ತಿಳಿಗೊಳಿಸುವ ವಿಧಾನವನ್ನು 1914ರಲ್ಲಿ ಪ್ರಕಟಿಸಿದವರು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಈ ವಿಧಾನದ ಜೊತೆಗೇ ಅದರ ಕಾಯಿಲೆಯೂ ಹುಟ್ಟಿತು: ಗಾಳಿ ಬಿಡುವ ಸಣ್ಣ ರಂಧ್ರಗಳು ಕಟ್ಟಿಕೊಳ್ಳುತ್ತವೆ, ಬ್ಲೋಯರ್ ನಿಂತರೆ ಜೀವಾಣುಗಳು ಉಸಿರುಗಟ್ಟಿ ಸಾಯುತ್ತವೆ. ನಾಗಪುರದಲ್ಲಿ 1958ರಲ್ಲಿ ಆರಂಭವಾದ ಸಂಶೋಧನಾ ಸಂಸ್ಥೆ (ಈಗಿನ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ‘ನೀರಿ’) ಬಿಸಿಲನ್ನೇ ನಂಬಿದ ಕೊಳಗಳ ಮೇಲೆ ಕೆಲಸ ಮಾಡಿದ್ದು ಸುಮ್ಮನೆ ಅಲ್ಲ. ಕೊಳಕ್ಕೆ ಬೇರಿಂಗ್ ಇಲ್ಲ.

ಬೆಂಗಳೂರು ಜಲಮಂಡಳಿ 1964ರಲ್ಲಿ ಸ್ಥಾಪನೆಯಾಯಿತು; ವೃಷಭಾವತಿ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಘಟಕಗಳು 1970ರ ದಶಕದವು. ಜಲಮಾಲಿನ್ಯ ಕಾಯ್ದೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಎರಡೂ 1974ರಲ್ಲಿ ಬಂದವು. ಕಾನೂನು ಹೊರಬೀಳುವ ನೀರನ್ನು ಅಳೆಯುತ್ತದೆ, ಯಂತ್ರದ ಮನೆಯೊಳಗೆ ಇಣುಕುವುದು ಅಪರೂಪ.

ಅಲ್ಲಿ ನಡೆಯುವುದು ಹೀಗೆ. ಜಾಲರಿ ತಪ್ಪಿಸಿ ಬಂದ ಬಟ್ಟೆಯ ಚೂರು ಪಂಪಿನೊಳಗೆ ತಿರುಗುವ ಇಂಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಮೋಟಾರು ಎಳೆಯುವ ವಿದ್ಯುತ್ (ಆಂಪ್) ಏರುತ್ತದೆ, ರಕ್ಷಣಾ ರಿಲೇ ಟ್ರಿಪ್ ಆಗಿ ಪಂಪು ನಿಲ್ಲುತ್ತದೆ. ಆಪರೇಟರ್ ರೀಸೆಟ್ ಒತ್ತುತ್ತಾನೆ. ಮತ್ತೆ ಟ್ರಿಪ್, ಮತ್ತೆ ರೀಸೆಟ್. ಒಮ್ಮೆ ಪಂಪು ಮೇಲೆತ್ತಿ ಬಟ್ಟೆ ಕಿತ್ತಿದ್ದರೆ ಮುಗಿಯುತ್ತಿದ್ದ ಕೆಲಸ ಮೋಟಾರು ಸುಟ್ಟು ರಿವೈಂಡಿಂಗ್‌ಗೆ ಹೋಗುವಲ್ಲಿಗೆ ಬರುತ್ತದೆ. ರಾಯಚೂರಿನ ಬೇಸಿಗೆಯಂತೂ ವೈಂಡಿಂಗಿಗೆ ದಯೆ ತೋರುವುದಿಲ್ಲ. ಪಂಪಿಗೆ ಮುನ್ನ ಕೊಳಚೆ ಸೇರುವ ಬಾವಿಯ (ವೆಟ್‌ವೆಲ್) ಹೂಳು ತೆಗೆಯಲು ಮನುಷ್ಯರನ್ನು ಇಳಿಸುವ ಪದ್ಧತಿ ಇನ್ನೂ ಘೋರವಾದದ್ದು. ರಕ್ಷಣಾ ಸಾಧನವಿಲ್ಲದೆ ಹೀಗೆ ಒಳಚರಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿತು. ಹೀಗೆ ಇಳಿದು ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ಗೊತ್ತುಪಡಿಸಿದ 10 ಲಕ್ಷ ರೂಪಾಯಿ ಪರಿಹಾರ 2023ರಲ್ಲಿ 30 ಲಕ್ಷಕ್ಕೇರಿತು.

ಕೇಂದ್ರದ ಒಳಚರಂಡಿ ಕೈಪಿಡಿ ಪಂಪ್‌ಹೌಸಿನ ಕಟ್ಟಡಕ್ಕೆ 30 ವರ್ಷ, ಪಂಪುಗಳಿಗೆ 15 ವರ್ಷ ಎಂದು ಲೆಕ್ಕ ಹಿಡಿಯುತ್ತದೆ. ಅಂದರೆ ಕಟ್ಟಡ ಒಂದು ತಲೆಮಾರು ಬಾಳುವಷ್ಟರಲ್ಲಿ ಯಂತ್ರವನ್ನು ಎರಡು ಸಲ ಕೊಳ್ಳಬೇಕು. ಮೊದಲನೆಯದಕ್ಕೆ ಯೋಜನೆಯ ಹಣವಿರುತ್ತದೆ. ಎರಡನೆಯದು ಊರಿನ ಬಜೆಟ್ಟಿನ ಮೇಲೆ ಬೀಳುತ್ತದೆ. 2006ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಸಾಲ ಮಂಜೂರು ಮಾಡಿದ, ರಾಯಚೂರನ್ನೂ ಒಳಗೊಂಡ ಉತ್ತರ ಕರ್ನಾಟಕ ನಗರ ಯೋಜನೆಯಲ್ಲಿ ಕಟ್ಟಿದ ಘಟಕಗಳ ಮುಂದಿರುವ ಪ್ರಶ್ನೆಯೂ ಇದೇ. ಕಟ್ಟಿದ ಗುತ್ತಿಗೆದಾರನೇ ಕೆಲವು ವರ್ಷ ನಡೆಸಿಕೊಡಬೇಕೆಂಬ ಟೆಂಡರ್ ಷರತ್ತು ಈಚಿನದು. ಗುತ್ತಿಗೆ ಮುಗಿದ ಮಾರನೆಯ ದಿನ ಬಿಡಿಭಾಗಗಳ ಕಪಾಟು ಖಾಲಿಯಿದ್ದರೆ ಷರತ್ತಿನಿಂದ ಲಾಭವಿಲ್ಲ.

ಅಪಾರ್ಟ್‌ಮೆಂಟುಗಳ ಸಣ್ಣ ಘಟಕಗಳಿಗಾಗಿ ಅನಂತ್ ಕೊಡವಸಲ್ ಬರೆದ ಕೈಪಿಡಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2011ರ ಸುಮಾರಿಗೆ ಪ್ರಕಟಿಸಿತು. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಕೆ.ಸಿ. ವ್ಯಾಲಿ) ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಾಗ ಹೈಕೋರ್ಟ್ ಹರಿವನ್ನು ತಾತ್ಕಾಲಿಕವಾಗಿ ತಡೆಯಿತು. ಬೆಂಗಳೂರಿನ ಘಟಕ ಹೇಗೆ ನಡೆಯುತ್ತಿದೆ ಎಂಬುದು ಕೋಲಾರದ ರೈತನ ಪ್ರಶ್ನೆಯಾಯಿತು.

ರಾಯಚೂರಿನಲ್ಲಿ ನಿರ್ವಹಣೆಯ ಮಾತು ದೊಡ್ಡದಾಗಿ ಎದ್ದದ್ದು ಕೊಳಚೆಯಿಂದಲ್ಲ, ಕುಡಿಯುವ ನೀರಿನಿಂದ: 2022ರ ಮೇ–ಜೂನ್‌ನಲ್ಲಿ ಕಲುಷಿತ ನೀರು ಕುಡಿದು ನಗರದಲ್ಲಿ ಹಲವರು ಸತ್ತಾಗ. ಅದೇ ಜಿಲ್ಲೆಯ ಹಳ್ಳಿಗಳ ಮಾತು ಬೇರೆ: ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರುಗಳಿಗೆ ಬ್ಲೋಯರ್ ಬೇಕಿಲ್ಲ. 2020ರ ಸ್ವಚ್ಛ ಭಾರತ ಎರಡನೇ ಹಂತ ಹಳ್ಳಿಗಳ ಬಳಸಿ ಬಿಟ್ಟ ನೀರಿಗೆ ಸೂಚಿಸಿದ ದಾರಿಗಳಲ್ಲಿ ಇಂಗುಗುಂಡಿಯೂ ಒಂದು. ಅದರಲ್ಲಿ ಕೆಟ್ಟುಹೋಗುವ ಯಂತ್ರವಿಲ್ಲ. ಆದರೆ ಬಾಯಿಯ ಹೂಳನ್ನು ಯಾರಾದರೂ ಆಗಾಗ ತೆಗೆಯಬೇಕು, ಇಲ್ಲದಿದ್ದರೆ ನೀರು ಮತ್ತೆ ಓಣಿಗೆ ಬರುತ್ತದೆ.